ಕಡಲಡಿಯ ಛಾಯಾಗ್ರಾಹಕನ ಹಿರಿತನ

ಹವ್ಯಾಸಿಗಳ ಕೂಟ ಯಾವುದೇ ಆಗಿರಲಿ, ಅದರಲ್ಲಿ ಬಹುಕಾಲದಿಂದ ನೆಲೆನಿಂತ ಒಬ್ಬಿಬ್ಬರು ಹಿರಿಯರು ಇದ್ದೇ ಇರುತ್ತಾರೆ. ಸಮುದ್ರದೊಳಗೆ ಮುಳುಗಿ ಛಾಯಾಚಿತ್ರ ತೆಗೆಯುವವರ ಬಳಗವೂ ಇದಕ್ಕೆ ಹೊರತಲ್ಲ. ಅಂಥ ಹಿರಿಯನು ವೃತ್ತಿಯಿಂದ ವೈದ್ಯನೋ ಇಂಜಿನಿಯರನೋ ಶಾಲೆಯ ಉಪಾಧ್ಯಾಯನೋ ಆಗಿದ್ದು, ವರ್ಷದ ಬಹುಭಾಗವನ್ನು ಕಡಲಿನಿಂದ ದೂರದಲ್ಲಿಯೇ ಕಳೆಯುವವನಾಗಿರಬಹುದು. ಆದರೆ ರಜೆ ದೊರೆತಾಗಲೆಲ್ಲ, ಗಳಿಕೆಯಲ್ಲಿ ಉಳಿಸಿದ್ದನ್ನೆಲ್ಲ ಅದಕ್ಕೇ ಸುರಿದು, ಬೆನ್ನಿಗೆ ಗಾಳಿಯ ಸಿಲಿಂಡರ್ ಬಿಗಿದು, ಕ್ಯಾಮೆರಾವನ್ನು ನೀರು ಹೊಗದ ಪೆಟ್ಟಿಗೆಯಲ್ಲಿ ಭದ್ರಪಡಿಸಿ, ಎರಡು ಮೂರು ದಶಕಗಳ ಕಾಲ ಬಿಡದೆ ನೀರಿಗಿಳಿದವನು ಅವನು. ಹೊಸಬನೊಬ್ಬ ತನ್ನ ಚಿತ್ರಗಳೆಲ್ಲ ಬರಿಯ ನೀಲಿಯಾಗಿ ಬಂದಿವೆಯೆಂದು ಕೊರಗಿದಾಗ ಕಾರಣ ಹೇಳುವವನೂ, ಪೆಟ್ಟಿಗೆಯ ಬಾಯಿಗೆ ಕೂಡಿಸುವ ಓ-ರಿಂಗ್ ಎಂಬ ರಬ್ಬರಿನ ಬಳೆಯ ಮೇಲೆ ಒಂದು ಕೂದಲು ಕುಳಿತಿದ್ದರೂ ಲಕ್ಷಾಂತರ ರೂಪಾಯಿಯ ಯಂತ್ರ ಉಪ್ಪುನೀರಿಗೆ ಆಹುತಿಯಾದೀತೆಂದು ಎಚ್ಚರಿಸುವವನೂ ಅವನೇ. ಅವನ ಮಾತಿಗೆ ಬಳಗದಲ್ಲಿ ತೂಕವುಂಟು. ಆ ತೂಕ ಎಲ್ಲಿಂದ ಬಂದಿತು, ಎಲ್ಲಿಂದ ಬರತಕ್ಕದ್ದು ಎಂಬುದು ವಿಚಾರಾರ್ಹವಾದ ಪ್ರಶ್ನೆಯೆಂದು ನನಗೆ ತೋರುತ್ತದೆ. ಉಪಕರಣಗಳ ಬೆಲೆಯಿಂದಲೆ? ಗೆದ್ದ ಬಹುಮಾನಗಳಿಂದಲೆ? ನೋಡಿಬಂದ ದ್ವೀಪಗಳ ಉದ್ದನೆಯ ಪಟ್ಟಿಯಿಂದಲೆ? ಸಾಮಾನ್ಯವಾಗಿ ಜನ ಅಳೆಯುವುದು ಇವುಗಳಿಂದಲೇ. ಇವು ಯಾವುವೂ ತಕ್ಕ ಅಳತೆಗೋಲುಗಳಲ್ಲವೆಂದೂ, ಕಡಲಡಿಯ ಛಾಯಾಗ್ರಾಹಕನ ಹಿರಿತನವನ್ನು ಅವನು ಒಂದೇ ಸ್ಥಳಕ್ಕೆ ಎಷ್ಟು ನಿಷ್ಠೆಯಿಂದ ಮರಳಿದನು, ಅಲ್ಲಿ ಕಂಡದ್ದನ್ನು ಕಾಲ ದೇಶಗಳ ವಿವರದೊಡನೆ ಎಷ್ಟು ಪ್ರಾಮಾಣಿಕವಾಗಿ ಉಳಿಸಿಟ್ಟನು ಎಂಬುದರಿಂದ ನಿರ್ಣಯಿಸಬೇಕೆಂದೂ ನನ್ನ ಅಭಿಪ್ರಾಯ.

ಇದನ್ನು ವಿವರಿಸುವ ಮುನ್ನ ಆ ಮಾಧ್ಯಮದ ಸ್ವಭಾವವನ್ನು ಕೊಂಚ ತಿಳಿಯಬೇಕು. ನೀರು ಬೆಳಕನ್ನು ನುಂಗುತ್ತದೆ. ಆದರೆ ಎಲ್ಲ ಬಣ್ಣಗಳನ್ನೂ ಸಮನಾಗಿ ನುಂಗುವುದಿಲ್ಲ. ಮೊದಲು ಕೆಂಪು ಮರೆಯಾಗುತ್ತದೆ. 10 ಮೀಟರ್ ಆಳವನ್ನು ಮುಟ್ಟುವುದರೊಳಗೆ ಅದು ಬಹುಮಟ್ಟಿಗೆ ಇಲ್ಲವಾಗಿರುತ್ತದೆ. ಅದರ ಹಿಂದೆ ಕಿತ್ತಳೆ, ಆಮೇಲೆ ಹಳದಿ. ಕೊನೆಯವರೆಗೆ ಇಳಿಯುವುದು ನೀಲಿಯೊಂದೇ. ಅಷ್ಟು ಆಳದಲ್ಲಿ ಬೆರಳು ಗಾಯವಾದರೆ ಒಸರುವ ರಕ್ತ ಕೆಂಪಾಗಿ ಕಾಣದೆ ಹಸುರುಗಪ್ಪಾಗಿ ಕಾಣುವುದು ಮುಳುಗುಗಾರರೆಲ್ಲರ ಅನುಭವ. ಬಣ್ಣವನ್ನು ಮರಳಿ ಪಡೆಯಬೇಕಾದರೆ ಛಾಯಾಗ್ರಾಹಕನು ತನ್ನ ಬೆಳಕನ್ನು ತಾನೇ ಕೊಂಡೊಯ್ಯಬೇಕು. ಆ ಬೆಳಕನ್ನು ಹೊಮ್ಮಿಸುವ ಉಪಕರಣಕ್ಕೆ ಸ್ಟ್ರೋಬ್ ಎಂದು ಹೆಸರು. ಆದರೆ ಸ್ಟ್ರೋಬಿನ ಬೆಳಕು ಸಹ ವಸ್ತುವಿನ ತನಕ ಹೋಗಿ ಮರಳಿ ಮಸೂರಕ್ಕೆ ಬರುವಷ್ಟರಲ್ಲಿ ಎರಡು ಬಾರಿ ನೀರನ್ನು ಹಾಯಬೇಕಾಗುವುದರಿಂದ, ಒಂದೆರಡು ಮೀಟರಿನಾಚೆ ಅದರ ಶಕ್ತಿ ನಡೆಯದು. ಇಷ್ಟು ಸಾಲದೆಂಬಂತೆ ಇನ್ನೊಂದು ತೊಡಕುಂಟು. ಎಷ್ಟು ತಿಳಿಯಾಗಿ ಕಂಡರೂ ಕಡಲ ನೀರಿನಲ್ಲಿ ಸೂಕ್ಷ್ಮಜೀವಿಗಳೂ ಮರಳಿನ ಕಣಗಳೂ ತೇಲುತ್ತಿರುತ್ತವೆ. ಮಡಿಕೇರಿಯ ದಾರಿಯಲ್ಲಿ ಮಂಜು ಕವಿದ ರಾತ್ರಿ ಮೋಟಾರಿನ ಮುಂದೀಪವನ್ನು ಹೆಚ್ಚಿಸಿದಷ್ಟೂ ಹಾದಿ ಕಾಣದೆ ಮಂಜೇ ಬೆಳ್ಳಗೆ ಹೊಳೆಯುವಂತೆ, ಎದುರಿನಿಂದ ಬಿದ್ದ ಸ್ಟ್ರೋಬಿನ ಬೆಳಕು ಆ ಕಣಗಳನ್ನೆಲ್ಲ ಬೆಳಗಿಸಿ ಚಿತ್ರವನ್ನು ಚುಕ್ಕಿಮಯವಾಗಿಸುತ್ತದೆ. ಅದಕ್ಕೆ ಪರಿಹಾರವೆಂದರೆ ದೀಪಗಳನ್ನು ಉದ್ದನೆಯ ತೋಳುಗಳ ತುದಿಗೆ ಸಿಕ್ಕಿಸಿ ಪಕ್ಕಗಳಿಂದ ಬೆಳಗುವುದು, ಮತ್ತು ವಸ್ತುವಿಗೂ ಮಸೂರಕ್ಕೂ ನಡುವೆ ಇರುವ ನೀರನ್ನೇ ಆದಷ್ಟು ಕಡಮೆ ಮಾಡುವುದು. ಹತ್ತಿರ ಹೋಗು, ಮತ್ತೂ ಹತ್ತಿರ ಹೋಗು ಎಂಬುದು ಈ ಬಳಗದ ಪ್ರಥಮ ಪಾಠವಾಗಿರುವುದು ಇದರಿಂದಲೇ. ಈ ಸಾಮೀಪ್ಯದ ಅನಿವಾರ್ಯತೆಯನ್ನು ಓದುಗರು ನೆನಪಿನಲ್ಲಿಡಬೇಕು. ಈ ಕಲೆಯ ಸೊಗಸೂ ಈ ಕಲೆಯಿಂದಾಗುವ ಕೇಡೂ ಹುಟ್ಟುವುದು ಅದರಲ್ಲಿಯೇ.

ಈ ವಿದ್ಯೆಯ ಆರಂಭದ ಇತಿಹಾಸವನ್ನು ನೋಡಿದರೆ ಒಂದು ಸ್ವಾರಸ್ಯ ಕಾಣಬರುತ್ತದೆ. 1856ರಲ್ಲಿ ಇಂಗ್ಲೆಂಡಿನ ದಕ್ಷಿಣ ತೀರದ ವೇಮತ್ ಕೊಲ್ಲಿಯಲ್ಲಿ ಕ್ಯಾಮೆರಾವನ್ನು ಪೆಟ್ಟಿಗೆಯಲ್ಲಿಟ್ಟು ಕೋಲಿಗೆ ಕಟ್ಟಿ ನೀರಿಗಿಳಿಸಿ, ಪೆಟ್ಟಿಗೆಗೆ ನೀರು ನುಗ್ಗಿದರೂ ಬಿಡದೆ, ಮಸುಕಾದ ಒಂದು ಚಿತ್ರವನ್ನು ಮೇಲೆತ್ತಿದ ವಿಲಿಯಂ ಥಾಂಪ್ಸನ್ ವೃತ್ತಿಯಲ್ಲಿ ವಕೀಲನಾಗಿದ್ದವನು. ಪ್ರಕೃತಿಯ ಅವಲೋಕನ ಅವನ ಬಿಡುವಿನ ಹವ್ಯಾಸ. ತಾನೇ ನೀರಿಗಿಳಿದು ಚಿತ್ರ ತೆಗೆದವರಲ್ಲಿ ಅಗ್ರಗಣ್ಯನಾದ ಲೂಯಿ ಬೂಟಾನ್ ಫ್ರಾನ್ಸಿನ ಜೀವಶಾಸ್ತ್ರಜ್ಞ. ಸ್ಪೇನಿನ ಗಡಿಯ ಸಮೀಪದ ಬನ್ಯುಲ್ಸ್ ಎಂಬ ಊರಿನ ಸಮುದ್ರ ಸಂಶೋಧನಾಲಯದಲ್ಲಿ 1893ರಿಂದ ಮೊದಲುಗೊಂಡು, ಸಹೋದರನ ನೆರವಿನಿಂದ ಕ್ಯಾಮೆರಾ ಪೆಟ್ಟಿಗೆ ಕಟ್ಟಿಸಿ, ಲೋಹದ ಶಿರಸ್ತ್ರಾಣದ ಭಾರವಾದ ಉಡುಪಿನಲ್ಲಿ ಇಳಿದು, ಕೆಲವೊಮ್ಮೆ ಅರ್ಧಗಂಟೆಯವರೆಗೆ ಫಲಕವನ್ನು ಬೆಳಕಿಗೊಡ್ಡಿ ಅವನು ಚಿತ್ರ ತೆಗೆದನು. ಆಮ್ಲಜನಕ ತುಂಬಿದ ಪೀಪಾಯಿಯ ಮೇಲೆ ಗಾಜಿನ ಬುರುಡೆಯೊಳಗೆ ಸಾರಾಯಿ ದೀಪವಿಟ್ಟು, ಅದರ ಉರಿಗೆ ಮೆಗ್ನೀಸಿಯಂ ಪುಡಿಯನ್ನು ಊದಿ ಬೆಳಕು ಹೊಮ್ಮಿಸುವ ಉಪಾಯವೂ ಅವನದೇ. 1900ರಲ್ಲಿ ಪುಸ್ತಕ ಪ್ರಕಟಿಸುವ ತನಕ ಅವನು ತನ್ನ ಪ್ರಯೋಗಗಳಿಗೆ ಆ ಒಂದು ತೀರವನ್ನೇ ನೆಚ್ಚಿದ್ದನು.

ನೀರಡಿಯ ಮೊದಲ ವರ್ಣಚಿತ್ರಗಳ ವೃತ್ತಾಂತವೂ ಇದೇ ಬಗೆಯದು. ಅಮೆರಿಕದ ಫ್ಲೋರಿಡಾದ ತುದಿಯಲ್ಲಿರುವ ಡ್ರೈ ಟಾರ್ಟುಗಾಸ್ ದ್ವೀಪಗಳ ಬಳಿ 1926ರಲ್ಲಿ, ತೆಪ್ಪದ ಮೇಲೆ ಮೆಗ್ನೀಸಿಯಂ ಪುಡಿಯನ್ನು ಸಿಡಿಸಿ, ಡಬ್ಲ್ಯು. ಎಚ್. ಲಾಂಗ್ಲೆ ಎಂಬ ಪ್ರಾಧ್ಯಾಪಕನೂ ಚಾರ್ಲ್ಸ್ ಮಾರ್ಟಿನ್ ಎಂಬ ಛಾಯಾಗ್ರಾಹಕನೂ ಸೇರಿ ತೆಗೆದ ಮೀನುಗಳ ಚಿತ್ರಗಳು ಮರುವರ್ಷದ ಜನವರಿಯಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆಯಲ್ಲಿ ಬೆಳಕು ಕಂಡವು. ಜಗತ್ತು ನೆನೆಯುವುದು ಆ ಸಿಡಿತವನ್ನು, ಆ ವರ್ಣವನ್ನು. ಆದರೆ ಲಾಂಗ್ಲೆ ಅಷ್ಟರಲ್ಲಿ ಹದಿನೈದಕ್ಕೂ ಹೆಚ್ಚು ವರ್ಷಗಳಿಂದ ಆ ದ್ವೀಪಗಳ ಮೀನುಗಳನ್ನು ಅಭ್ಯಾಸಮಾಡುತ್ತ ಬಂದಿದ್ದನೆಂಬುದನ್ನೂ, ಅವನು ಬಿಟ್ಟುಹೋದ ಟಿಪ್ಪಣಿಗಳ ಆಧಾರದಿಂದ ಆ ನೀರಿನ ಮತ್ಸ್ಯಗಳ ಶಾಸ್ತ್ರೀಯ ಪಟ್ಟಿಯೊಂದು ಅವನ ಮರಣಾನಂತರ 1941ರಲ್ಲಿ ಹೊರಬಂದಿತೆಂಬುದನ್ನೂ ಬಲ್ಲವರು ವಿರಳ. ಯಾವ ಮೀನು ಯಾವ ಹೊತ್ತಿಗೆ ಯಾವ ಬಂಡೆಯ ಬಳಿ ಬರುವುದೆಂದು ಅರಿತಿದ್ದವನಿಗೇ ಅಂದಿನ ಮಂದಗತಿಯ ವರ್ಣಫಲಕದಲ್ಲಿ ಚಿತ್ರ ಮೂಡಿಸುವುದು ಶಕ್ಯವಾಯಿತೆಂದು ನಾನು ಭಾವಿಸುತ್ತೇನೆ.

ಇದಕ್ಕೆ ವಿರುದ್ಧವಾದ ಪಕ್ಷವೂ ಇತಿಹಾಸದಲ್ಲಿ ಉಂಟು. 1943ರಲ್ಲಿ ಫ್ರಾನ್ಸಿನ ಕುಸ್ಟೊ ಮತ್ತು ಗಾನ್ಯಾನ್ ಎಂಬವರು ಅಕ್ವಾಲಂಗ್ ಎಂಬ ಉಸಿರಾಟದ ಸಾಧನವನ್ನು ಸಿದ್ಧಪಡಿಸಿದ ಮೇಲೆ ಮನುಷ್ಯನು ಮೇಲಿನ ಹಗ್ಗ ಕೊಳವೆಗಳ ಹಂಗಿಲ್ಲದೆ ನೀರಿನಲ್ಲಿ ಸ್ವತಂತ್ರನಾದನು. ಆ ಸ್ವಾತಂತ್ರ್ಯದ ಮಹೋತ್ಸವವೆಂಬಂತೆ ಕುಸ್ಟೊ, ಲೂಯಿ ಮಾಲ್ ಇಬ್ಬರೂ ಸೇರಿ ತೆಗೆದ ‘ಮೌನಪ್ರಪಂಚ’ ಎಂಬ ಚಲನಚಿತ್ರ 1956ರಲ್ಲಿ ಕಾನ್ ಉತ್ಸವದ ಪರಮ ಪುರಸ್ಕಾರವನ್ನು ಪಡೆಯಿತು. ಕೋಟ್ಯಂತರ ಜನರಿಗೆ ಕಡಲ ಒಡಲನ್ನು ತೋರಿಸಿದ ಆ ಚಿತ್ರದಲ್ಲಿಯೇ, ಮೀನುಗಳ ಗಣತಿಗೆಂದು ಹವಳದ ದಿಬ್ಬದ ಬಳಿ ಡೈನಮೈಟ್ ಸಿಡಿಸುವ ದೃಶ್ಯವೂ, ತಮ್ಮ ಹಡಗಿನಿಂದಲೇ ಗಾಯಗೊಂಡ ತಿಮಿಂಗಿಲದ ಮರಿಯನ್ನು ತಿನ್ನಲು ಬಂದ ಶಾರ್ಕ್‌ಗಳನ್ನು ನಾವಿಕರು ರೋಷದಿಂದ ಬಡಿದು ಕೊಲ್ಲುವ ದೃಶ್ಯವೂ ಇವೆ. ಇವುಗಳನ್ನು ಯಾರೂ ಮರೆಮಾಡಲಿಲ್ಲ. ಅಂದಿನವರಿಗೆ ಮರೆಮಾಡಬೇಕೆಂದು ತೋರಲಿಲ್ಲ. ಕುಸ್ಟೊ ಅನಂತರ ಸಮುದ್ರ ಸಂರಕ್ಷಣೆಯ ಪ್ರಬಲ ಪ್ರತಿಪಾದಕನಾದನೆಂಬುದನ್ನೂ ನ್ಯಾಯವಾಗಿ ಹೇಳಬೇಕು. ನೋಡುವ ಶಕ್ತಿ ಬಂದೊಡನೆಯೇ ನೋಡಿದ್ದರ ಬಗೆಗೆ ಹೊಣೆಗಾರಿಕೆಯೂ ಬರುವುದಿಲ್ಲವೆಂಬುದಕ್ಕೆ ಆ ಚಿತ್ರಕ್ಕಿಂತ ಸ್ಪಷ್ಟವಾದ ನಿದರ್ಶನ ನನಗೆ ಗೊತ್ತಿಲ್ಲ.

ಅಲ್ಲಿಂದ ಮುಂದೆ ಉಪಕರಣಗಳು ಸುಲಭವಾಗುತ್ತ ಬಂದವು. ಬೆಲ್ಜಿಯಂ ದೇಶದ ಜಾನ್ ದ ವೂಟರ್ಸ್ ರೂಪಿಸಿದ ಕ್ಯಾಲಿಪ್ಸೊ ಎಂಬ ಕ್ಯಾಮೆರಾವನ್ನು ಜಪಾನಿನ ನಿಕಾನ್ ಸಂಸ್ಥೆ ತನ್ನದಾಗಿಸಿಕೊಂಡು 1963ರಲ್ಲಿ ನಿಕೊನಾಸ್ ಎಂಬ ಹೆಸರಿನಿಂದ ಹೊರತಂದಮೇಲೆ, ಬೇರೆ ಪೆಟ್ಟಿಗೆಯ ಗೊಡವೆಯಿಲ್ಲದೆ ಕೈಯಲ್ಲಿ ಹಿಡಿದು ಮುಳುಗಬಲ್ಲ ಯಂತ್ರ ಸಾಮಾನ್ಯನ ಕೈಗೆ ದೊರೆಯಿತು. ಬ್ರಿಟನ್ನಿನ ಜಲಾಂತರ ಛಾಯಾಗ್ರಾಹಕರ ಸಂಘವನ್ನು ಕಾಲಿನ್ ಡೋಗ್ ಮತ್ತು ಪೀಟರ್ ಸ್ಕೂನ್ಸ್ ಸ್ಥಾಪಿಸಿದ್ದು 1967ರಲ್ಲಿ. ಆಗ ಒಂದು ಸುರುಳಿಯಲ್ಲಿ 36 ಚಿತ್ರಗಳು. ನೀರಿನಲ್ಲಿದ್ದಾಗ ಸುರುಳಿ ಬದಲಿಸುವಂತಿಲ್ಲ. ಚಿತ್ರ ಹೇಗೆ ಬಂದಿತೆಂದು ತಿಳಿಯುವುದು ಊರಿಗೆ ಮರಳಿ ಸುರುಳಿ ತೊಳೆಸಿದ ಮೇಲೆ. ಹೀಗಿದ್ದುದರಿಂದ ಒಬ್ಬನ ಅನುಭವ ಇನ್ನೊಬ್ಬನಿಗೆ ಅತ್ಯಾವಶ್ಯಕವಾಗಿತ್ತು, ಬಳಗ ಎಂಬುದು ಗೆಳೆತನದ ಸುಖಕ್ಕಾಗಿ ಮಾತ್ರವಲ್ಲದೆ ವಿದ್ಯೆಯ ಏಕೈಕ ಪಾಠಶಾಲೆಯಾಗಿಯೂ ಇದ್ದಿತು. ಈಗ ಡಿಜಿಟಲ್ ಕ್ಯಾಮೆರಾ ಬಂದು ಆ 36ರ ಮಿತಿ ಹೋಯಿತು. ತೆಗೆದ ಕ್ಷಣದಲ್ಲಿಯೇ ಹಿಂಬದಿಯ ಪರದೆಯಲ್ಲಿ ನೋಡಿ ತಿದ್ದಿಕೊಳ್ಳಬಹುದು. ಹಿರಿಯನಲ್ಲಿದ್ದ ತಾಂತ್ರಿಕ ಜ್ಞಾನದ ಬಹುಭಾಗ ಯಂತ್ರದೊಳಕ್ಕೆ ಸೇರಿಹೋಯಿತು. ಆದುದರಿಂದ ಕೌಶಲವೊಂದನ್ನೇ ಹಿರಿತನಕ್ಕೆ ಆಧಾರವಾಗಿ ಇಟ್ಟುಕೊಂಡವರಿಗೆ ಇಂದು ನೆಲೆ ತಪ್ಪಿದೆ.

ಕೌಶಲವೇ ಕೆಲವೊಮ್ಮೆ ಕೇಡಿಗೆ ಕಾರಣವಾಗುತ್ತದೆಂಬುದು ಇನ್ನೂ ಕಹಿಯಾದ ವಿಷಯ. ಆಸ್ಟ್ರೇಲಿಯದ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ರೂಫಾಯೆಲ್, ಇಂಗ್ಲಿಸ್ ಎಂಬ ಇಬ್ಬರು ಸಂಶೋಧಕರು ಮುಳುಗುಗಾರರನ್ನು ಹಿಂಬಾಲಿಸಿ ನೋಡಿ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕ್ಯಾಮೆರಾ ಇಲ್ಲದವರಿಗಿಂತ ಹೆಚ್ಚು ಹವಳವನ್ನು ಮುರಿದವರು ಛಾಯಾಗ್ರಹಣದಲ್ಲಿ ಪಳಗಿದ ತಜ್ಞರೇ ಎಂದು ಕಂಡುಬಂದಿತು. ಹೊಸದಾಗಿ ಕ್ಯಾಮೆರಾ ಹಿಡಿದವರಲ್ಲಿ ಆ ದೋಷ ಅಷ್ಟಾಗಿ ಕಾಣಲಿಲ್ಲ. ಮೇಲುನೋಟಕ್ಕೆ ಇದು ವಿಪರೀತವೆನಿಸಬಹುದು. ಆದರೆ ಸಾಮೀಪ್ಯದ ವಿಷಯವಾಗಿ ಮೊದಲು ಹೇಳಿದ್ದನ್ನು ನೆನೆದರೆ ಇದರಲ್ಲಿ ಆಶ್ಚರ್ಯವಿಲ್ಲ. ಹೊಸಬನು ದೂರದಿಂದ ಕ್ಲಿಕ್ಕಿಸಿ ಮುಂದೆ ಸಾಗುತ್ತಾನೆ. ಬಲ್ಲವನಿಗೆ ಎಷ್ಟು ಹತ್ತಿರ ಹೋಗಬೇಕೆಂಬುದು ಗೊತ್ತು. ಚಿತ್ರ ಕೈಗೂಡುವ ತನಕ ಕದಲದೆ ನಿಲ್ಲಬೇಕೆಂಬುದೂ ಗೊತ್ತು. ನಿಲ್ಲಲು ಒಂದು ಕೈ ಆಸರೆ ಬೇಕಾಗುತ್ತದೆ, ಆ ಆಸರೆ ಹವಳವಾಗಿರುತ್ತದೆ. ವರ್ಷಗಟ್ಟಲೆ ಬೆಳೆದ ಕೊಂಬೆಯೊಂದು ಕಾಲಿನ ಈಜುರೆಕ್ಕೆಯ ಒಂದು ಬೀಸಿಗೆ ಮುರಿದುದು ಅವನ ಗಮನಕ್ಕೂ ಬಾರದೆ ಹೋಗಬಹುದು, ಏಕೆಂದರೆ ಅವನ ಸಮಸ್ತ ಗಮನವೂ ಮಸೂರದ ಮುಂದಿರುವ ಅಂಗುಲದುದ್ದದ ಜೀವಿಯ ಕಣ್ಣಿನಲ್ಲಿ ನೆಟ್ಟಿರುತ್ತದೆ.

ಇಂಡೊನೇಷ್ಯಾದ ಸುಲಾವೆಸಿ ದ್ವೀಪದ ಲೆಂಬೆ ಜಲಸಂಧಿಯ ಜ್ವಾಲಾಮುಖಿಯ ಕಪ್ಪು ಮರಳಿನಲ್ಲಿ ಹವಳದ ವೈಭವವೇನೂ ಇಲ್ಲ. ಅಲ್ಲಿಗೆ ಜಗತ್ತಿನ ಛಾಯಾಗ್ರಾಹಕರು ಹೋಗುವುದು ಕಪ್ಪೆಮೀನು, ಕಡಲಕುದುರೆ, ಬಣ್ಣ ಬದಲಿಸುವ ಆಕ್ಟೋಪಸ್ ಮೊದಲಾದ ವಿಚಿತ್ರ ಜೀವಿಗಳಿಗಾಗಿ. ಇಂಥ ತಾಣಗಳಲ್ಲಿ ಚಿತ್ರಕ್ಕೆ ಅನುಕೂಲವಾಗುವಂತೆ ಪ್ರಾಣಿಯನ್ನು ಕಡ್ಡಿಯಿಂದ ತಿವಿದು ತಿರುಗಿಸುವುದೂ, ಕುರೂಪವಾದ ಹಿನ್ನೆಲೆಯಿಂದ ಎತ್ತಿ ಸುಂದರವಾದ ಹಿನ್ನೆಲೆಯ ಮೇಲೆ ಇರಿಸುವುದೂ ನಡೆದುಬಂದಿದೆ. ಸ್ಟ್ರೋಬಿನ ಮಿಂಚು ಪ್ರಾಣಿಗಳ ಕಣ್ಣು ಕೆಡಿಸುವುದೆಂಬ ಆಕ್ಷೇಪ ಬಹಳ ಕಾಲದಿಂದ ಕೇಳಿಬರುತ್ತಿತ್ತು. ಇದನ್ನು ಪರೀಕ್ಷಿಸಿದ ಮಾರ್ಟನ್ ದ ಬ್ರಾವರ್ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ, ತಳವಾಸಿಗಳಾದ ಆ ಮೀನುಗಳಿಗೆ ಮಿಂಚಿನಿಂದಾದ ಬಾಧೆ ಮನುಷ್ಯನ ಬರಿಯ ಸಾನ್ನಿಧ್ಯದಿಂದಾದುದಕ್ಕಿಂತ ಹೆಚ್ಚಿನದಾಗಿರಲಿಲ್ಲ. ಹೆಚ್ಚು ಕದಡಿದ್ದು ಕೈಯಿಂದ ಮುಟ್ಟಿ ಸರಿಸಿದಾಗ. ಬಳಗದೊಳಗಿನ ವಿವಾದಕ್ಕೆ ಇದು ಸ್ಪಷ್ಟವಾದ ಉತ್ತರ. ದೋಷ ಯಂತ್ರದ್ದಲ್ಲ, ಅದನ್ನು ಹಿಡಿದವನ ಅವಸರದ್ದು.

ಆ ಅವಸರವನ್ನು ಪೋಷಿಸುವುದಾದರೂ ಯಾವುದು? ಅಪೂರ್ವವಾದುದಕ್ಕೇ ಬಹುಮಾನ ಎಂಬ ಪದ್ಧತಿ. ಈ ವರ್ಷ ಒಂದು ದ್ವೀಪ, ಬರುವ ವರ್ಷ ಇನ್ನೊಂದು. ಒಂದು ವಾರದ ವಾಸ, ಮಾರ್ಗದರ್ಶಕನ ಕೈಯಲ್ಲಿ ಬೇಕಾದ ಪ್ರಾಣಿಗಳ ಪಟ್ಟಿ. ವಾರದೊಳಗೆ ಪಟ್ಟಿ ಮುಗಿಯಬೇಕಾದಾಗ ಪ್ರಾಣಿ ತಾನಾಗಿ ತಿರುಗುವ ತನಕ ಕಾಯುವ ವ್ಯವಧಾನ ಯಾರಿಗಿದ್ದೀತು? ನಾಳೆ ಮತ್ತೆ ಬರುವೆನೆಂದು ಬಲ್ಲವನು ಮಾತ್ರ ಕಾಯಬಲ್ಲನು. ಅನೇಕ ಸ್ಪರ್ಧೆಗಳು ಪ್ರಾಣಿಗಳನ್ನು ಪೀಡಿಸಿ ತೆಗೆದ ಚಿತ್ರಗಳನ್ನು ತಿರಸ್ಕರಿಸುವ ನಿಯಮ ಮಾಡಿವೆ, ಅದು ಸರಿಯೇ. ನೆಲದ ಮೇಲೆ ಗೂಡಿನಲ್ಲಿರುವ ಹಕ್ಕಿಯ ಚಿತ್ರಕ್ಕೆ ಒಂದಾನೊಂದು ಕಾಲದಲ್ಲಿದ್ದ ಮೆಚ್ಚುಗೆ ಇಂದು ಉಳಿದಿಲ್ಲ. ಅದು ಬದಲಾದದ್ದು ಬಹುಮಟ್ಟಿಗೆ ಛಾಯಾಗ್ರಾಹಕರ ಸಂಘಗಳಲ್ಲಿ ಹಿರಿಯರಾದವರ ಅಭಿಪ್ರಾಯ ಬದಲಾದುದರಿಂದ. ಆದರೆ ಇಂಥದನ್ನು ಮಾಡಕೂಡದೆಂಬ ನಿಷೇಧವೊಂದೇ ಸಾಲದು, ಯಾವುದನ್ನು ಮಾಡಿದರೆ ಗೌರವವೆಂಬುದನ್ನೂ ಬಳಗ ಹೇಳಬೇಕಾಗುತ್ತದೆ.

ಈ ಸಂದರ್ಭದಲ್ಲಿ ಬಣ್ಣದ ಸತ್ಯಾಸತ್ಯತೆಯ ಬಗೆಗೂ ಎರಡು ಮಾತು ಹೇಳಬೇಕೆನಿಸುತ್ತದೆ. ಮೂವತ್ತು ಮೀಟರ್ ಆಳದ ಕೆಂಪು ಮೀನೊಂದು ಆ ಆಳದಲ್ಲಿ ಯಾರ ಕಣ್ಣಿಗೂ ಕೆಂಪಲ್ಲ. ಅದು ಮಸುಕಾದ ನೆರಳಿನಂತಿದ್ದು, ಆ ಮಸುಕಿನಲ್ಲಿಯೇ ಶತ್ರುಗಳಿಂದ ತಪ್ಪಿಸಿಕೊಳ್ಳುತ್ತದೆ. ಸ್ಟ್ರೋಬ್ ಮಿಂಚಿದ ಕ್ಷಣದಲ್ಲಿ ಮಾತ್ರ ಅದು ಕೆಂಪಾಗುತ್ತದೆ. ಹಾಗಾದರೆ ಚಿತ್ರ ತೋರಿಸುವುದು ನಿಜವೋ ಸುಳ್ಳೋ? ಮೀನಿನ ಚರ್ಮದಲ್ಲಿ ಆ ವರ್ಣದ್ರವ್ಯ ಇರುವುದು ನಿಜ; ಅದು ಬದುಕುವ ಲೋಕದಲ್ಲಿ ಆ ಬಣ್ಣ ಇಲ್ಲವೆಂಬುದೂ ಅಷ್ಟೇ ನಿಜ. ಡೆರಿಯಾ ಅಕ್ಕಾಯ್ನಾಕ್ ಮತ್ತು ತಾಲಿ ಟ್ರೈಬಿಟ್ಜ್ 2019ರಲ್ಲಿ ಪ್ರಕಟಿಸಿದ ಗಣನಾವಿಧಾನವೊಂದು, ಚಿತ್ರದ ಪ್ರತಿಯೊಂದು ಬಿಂದುವಿನ ದೂರವನ್ನು ಲೆಕ್ಕಹಾಕಿ ನಡುವಣ ನೀರಿನ ಪ್ರಭಾವವನ್ನೇ ತೆಗೆದುಹಾಕಿ, ಹವಳವನ್ನು ನೀರಿಲ್ಲದ ನೆಲದ ಮೇಲಿದ್ದಂತೆ ತೋರಿಸುತ್ತದೆ. ವಿಜ್ಞಾನಕ್ಕೆ ಅದು ಉಪಯುಕ್ತವೆಂಬುದರಲ್ಲಿ ಸಂದೇಹವಿಲ್ಲ. ಆದರೂ ಕಡಲನ್ನು ತೆಗೆದುಹಾಕಿದ ಕಡಲಿನ ಚಿತ್ರವೆಂದರೆ ನನ್ನ ಮನಸ್ಸೇಕೋ ಸ್ವಲ್ಪ ಹಿಂಜರಿಯುತ್ತದೆ. ಈ ಪ್ರಶ್ನೆಗೆ ಚಿತ್ರದೊಳಗೆ ಉತ್ತರವಿಲ್ಲ. ಅದರ ಕೆಳಗೆ ಬರೆಯುವ ಒಂದು ಸಾಲಿನಲ್ಲಿದೆ. ಎಷ್ಟು ಆಳ, ಯಾವ ಬೆಳಕು, ಯಾವ ದಿನ, ಯಾವ ಬಂಡೆ ಎಂದು ಬರೆದಿಟ್ಟಲ್ಲಿ ಕೆಂಪು ಮೀನೂ ನಿಜವೇ, ನೀಲಿ ಮಬ್ಬೂ ನಿಜವೇ. ಬರೆಯದಿದ್ದಲ್ಲಿ ಎರಡೂ ಅಲಂಕಾರಗಳು.

ಆ ಒಂದು ಸಾಲಿನ ಬೆಲೆಯೇನೆಂಬುದಕ್ಕೆ ಫ್ಲೋರಿಡಾದ್ದೇ ಒಂದು ಉದಾಹರಣೆಯನ್ನು ನೋಡೋಣ. ಅದು ನೀರಿನೊಳಗಿನ ಚಿತ್ರಗಳದ್ದಲ್ಲ, ದಡದ ಚಿತ್ರಗಳದ್ದು. ಕೀ ವೆಸ್ಟ್ ಎಂಬ ಊರಿನ ದೋಣಿಕಟ್ಟೆಯಲ್ಲಿ, ಹಣ ತೆತ್ತು ದೋಣಿಯೇರಿ ಗಾಳ ಹಾಕಿ ಮೀನು ಹಿಡಿದ ಪ್ರವಾಸಿಗರು, ತಾವು ಹಿಡಿದ ಮೀನನ್ನು ಹಲಗೆಗೆ ತೂಗುಹಾಕಿ ಪಕ್ಕದಲ್ಲಿ ನಿಂತು ಚಿತ್ರ ತೆಗೆಸಿಕೊಳ್ಳುವ ವಾಡಿಕೆ. ಲೊರೆನ್ ಮೆಕ್ಲೆನಕನ್ ಎಂಬ ಸಂಶೋಧಕಿ 1956ರಿಂದ 2007ರ ವರೆಗಿನ ಇಂಥ ಚಿತ್ರಗಳನ್ನು ಕಲೆಹಾಕಿ, ಅದೇ ಊರು ಅದೇ ಬಗೆಯ ಹಲಗೆ ಇದ್ದುದರಿಂದ ಮೀನುಗಳನ್ನು ಅಳೆದು ನೋಡಿದಳು. ಸರಾಸರಿ ತೂಕ 19.9 ಕಿಲೋಗ್ರಾಮಿನಿಂದ 2.3 ಕಿಲೋಗ್ರಾಮಿಗೆ ಇಳಿದಿತ್ತು. ಪ್ರತಿಯೊಂದು ಚಿತ್ರದಲ್ಲಿಯೂ ನಿಂತವರ ಮುಖದಲ್ಲಿ ಅದೇ ಹೆಮ್ಮೆ. ಇಳಿದದ್ದು ಯಾರಿಗೂ ಕಾಣದು, ಏಕೆಂದರೆ ಪ್ರತಿಯೊಂದು ತಲೆಮಾರೂ ತಾನು ಮೊದಲು ಕಂಡದ್ದನ್ನೇ ಪ್ರಕೃತಿಯ ಸಹಜಸ್ಥಿತಿಯೆಂದು ಭಾವಿಸುತ್ತದೆ. ಮೀನುಗಾರಿಕೆಯ ವಿಜ್ಞಾನಿ ಡೇನಿಯಲ್ ಪೌಲಿ 1995ರಲ್ಲಿ ಈ ವಿಸ್ಮೃತಿಯ ಕಡೆಗೆ ಲಕ್ಷ್ಯ ಸೆಳೆದನು. ಆ ವಿಸ್ಮೃತಿಯನ್ನು ಮುರಿದದ್ದು ಕಲಾದೃಷ್ಟಿಯಿಂದ ಬಿಡಿಗಾಸಿನ ಬೆಲೆಯಿಲ್ಲದ ಚಿತ್ರಗಳು. ಅವುಗಳಿಗೆ ಬೆಲೆ ಕೊಟ್ಟದ್ದು ಒಂದೇ ಸ್ಥಳ, ಗೊತ್ತಾದ ಕಾಲ. ದಡದ ಅನಾಮಧೇಯರು ತಿಳಿಯದೆ ಮಾಡಿದ್ದನ್ನು ನೀರಿನಡಿಯ ಹಿರಿಯನು ತಿಳಿದು ಮಾಡಿದರೆ ಅದರ ಫಲ ಎಷ್ಟಾದೀತು!

ಅದು ಈಗಾಗಲೇ ಅಲ್ಲಲ್ಲಿ ನಡೆದಿದೆ. ಮೀನುಗಳಲ್ಲೆಲ್ಲ ದೊಡ್ಡದಾದ ತಿಮಿಂಗಿಲ ಶಾರ್ಕ್‌ನ ಮೈಮೇಲಿನ ಬಿಳಿಯ ಚುಕ್ಕೆಗಳ ವಿನ್ಯಾಸ ಒಂದರಂತೆ ಇನ್ನೊಂದಕ್ಕಿಲ್ಲ. ಕಿವಿರುಗಳ ಹಿಂಬದಿಯ ಪಾರ್ಶ್ವದ ಚಿತ್ರವೊಂದಿದ್ದರೆ ಆ ಪ್ರಾಣಿಯನ್ನು ಗುರುತಿಸಬಹುದು. ಖಗೋಳ ವಿಜ್ಞಾನಿಗಳು ನಕ್ಷತ್ರಗಳ ಚಿತ್ರಗಳನ್ನು ಹೋಲಿಸಲು 1986ರಲ್ಲಿ ರೂಪಿಸಿದ್ದ ಗಣಿತಕ್ರಮವನ್ನು ಈ ಚುಕ್ಕೆಗಳಿಗೆ ಅನ್ವಯಿಸಿ ಅರ್ಜುಮಾನಿಯನ್, ಹೋಂಬರ್ಗ್, ನಾರ್ಮನ್ ಎಂಬವರು 2005ರಲ್ಲಿ ಪ್ರಬಂಧ ಪ್ರಕಟಿಸಿದರು. ಪಶ್ಚಿಮ ಆಸ್ಟ್ರೇಲಿಯದ ನಿಂಗಲೂ ತೀರದಿಂದ ಮೊದಲಾಗಿ ಈಗ ಲೋಕದ ನಾನಾ ಕಡೆಗಳಿಂದ ಹವ್ಯಾಸಿಗಳು ಕಳುಹಿಸಿದ ಚಿತ್ರಗಳೇ ಆ ಅಧ್ಯಯನಕ್ಕೆ ಆಧಾರ. ಪ್ರಾಣಿಯ ಮೈಗೆ ಗುರುತಿನ ತಗಡು ಚುಚ್ಚಬೇಕಿಲ್ಲ, ಮುಟ್ಟಬೇಕಾಗಿಯೂ ಇಲ್ಲ. ಮಾಂಟಾ ಎಂಬ ದೊಡ್ಡ ತೊರಕೆಯನ್ನು ಅದರ ಹೊಟ್ಟೆಯ ಮೇಲಿನ ಮಚ್ಚೆಗಳಿಂದ ಗುರುತಿಸುವುದೂ ಇದೇ ಕ್ರಮ. ಇಲ್ಲೆಲ್ಲ ಚಿತ್ರ ಸ್ವಲ್ಪ ಮಸುಕಾಗಿದ್ದರೂ ಬಾಧಕವಿಲ್ಲ, ದಿನಾಂಕ ತಪ್ಪಾಗಿದ್ದರೆ ಚಿತ್ರವೇ ವ್ಯರ್ಥ.

ಗಿಡ್ಡ ಕಡಲಕುದುರೆಯ ಕಥೆ ಇದಕ್ಕಿಂತ ಸೂಕ್ಷ್ಮವಾದುದು. 1969ರಲ್ಲಿ ನ್ಯೂ ಕ್ಯಾಲೆಡೋನಿಯಾದಲ್ಲಿ ಜಾರ್ಜ್ ಬಾರ್ಜಿಬಾಂಟ್ ಎಂಬವನು ಸಂಗ್ರಹಾಲಯಕ್ಕಾಗಿ ತಂದ, ಕಡಲಬೀಸಣಿಗೆ ಎಂಬ ಹವಳಜಾತಿಯ ಜೀವಿಯೊಂದರ ರೆಂಬೆಗಳಲ್ಲಿ, ಅದರದೇ ಬಣ್ಣ ಅದರದೇ ಗಂಟುಗಳನ್ನು ತಳೆದು ಅವಿತಿದ್ದ ಎರಡು ಸೆಂಟಿಮೀಟರಿನಷ್ಟು ಉದ್ದದ ಜೀವಿಯನ್ನು ಕಂಡಾಗ ಅಂಥದೊಂದು ಇದೆಯೆಂದು ಜಗತ್ತಿಗೆ ತಿಳಿಯಿತು. ಆ ಬಳಿಕ ಗೊತ್ತಾದ ಸಜಾತೀಯ ಪ್ರಭೇದಗಳಲ್ಲಿ ಹಲವನ್ನು ಮೊದಲು ಗಮನಿಸಿದವರು ಮುಳುಗುಗಾರರು, ಛಾಯಾಗ್ರಾಹಕರು. 2003ರಲ್ಲಿ ವರ್ಣಿತವಾದ ಒಂದು ಪ್ರಭೇದಕ್ಕೆ ಡೆನಿಸ್ ಟ್ಯಾಕೆಟ್ ಎಂಬ ಛಾಯಾಗ್ರಾಹಕಿಯ ಹೆಸರನ್ನೂ, 2008ರ ಇನ್ನೊಂದಕ್ಕೆ ಸಾತೋಮಿ ಓನಿಶಿ ಎಂಬ ಮುಳುಗು ಮಾರ್ಗದರ್ಶಕಿಯ ಹೆಸರನ್ನೂ ಇಟ್ಟು ವಿಜ್ಞಾನ ತನ್ನ ಋಣವನ್ನು ಸಲ್ಲಿಸಿತು. ಒಮ್ಮೆ ಬಂದು ಹೋಗುವವರ ಕಣ್ಣಿಗೆ ಇಂಥವು ಬೀಳುವುದು ಅಪೂರ್ವ. ಅದೇ ಬೀಸಣಿಗೆಯನ್ನು ನೂರು ಸಲ ನೋಡಿದವರಿಗೆ ನೂರೊಂದನೆಯ ಸಲ ಅದರ ಗಂಟೊಂದು ಅಲುಗಿದಂತೆ ಕಾಣುತ್ತದೆ.

ಇಲ್ಲಿ ಒಂದು ಆಕ್ಷೇಪ ಏಳುವುದು ಸಹಜ. ಛಾಯಾಗ್ರಹಣವೆಂದರೆ ಗುಮಾಸ್ತಗಿರಿಯೇ? ಸೌಂದರ್ಯಕ್ಕೆ ಸ್ವತಂತ್ರವಾದ ಬೆಲೆ ಇಲ್ಲವೇ? ಲೋಕದ ಮನಸ್ಸನ್ನು ಕರಗಿಸುವುದು ಅಂಕಿಅಂಶಗಳೋ, ಒಂದು ಅದ್ಭುತವಾದ ಚಿತ್ರವೋ? ಆಕ್ಷೇಪದಲ್ಲಿ ಬಲವಿದೆ, ನಮ್ಮ ದೇಶದ್ದೇ ಸಾಕ್ಷ್ಯವಿದೆ. ಗುಜರಾತಿನ ತೀರದಲ್ಲಿ ತಿಮಿಂಗಿಲ ಶಾರ್ಕ್‌ಗಳನ್ನು ಕೊಲ್ಲುತ್ತಿದ್ದ ಬಗೆಯನ್ನು ಮೈಕ್ ಪಾಂಡೆ 2000ದಲ್ಲಿ ಸಾಕ್ಷ್ಯಚಿತ್ರವಾಗಿ ತೋರಿಸಿದ ಮೇಲೆ, ಮರುವರ್ಷ ಆ ಪ್ರಾಣಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ ಸೇರಿತು. ಅಂಕಿಗಳ ಕೋಷ್ಟಕ ಆ ಕೆಲಸವನ್ನು ಅಷ್ಟು ಬೇಗ ಮಾಡುತ್ತಿರಲಿಲ್ಲವೆಂದು ಒಪ್ಪುತ್ತೇನೆ. ಆದರೆ ಸೌಂದರ್ಯವೂ ಮರಳುವಿಕೆಯೂ ಒಂದಕ್ಕೊಂದು ವಿರೋಧಿಗಳೆಂಬ ಪೂರ್ವಪಕ್ಷದ ಭಾವನೆಯನ್ನು ಒಪ್ಪಲಾರೆ. ಫ್ರಾನ್ಸಿನ ಲೋರಾಂ ಬಲೆಸ್ತಾ 2021ರಲ್ಲಿ ವರ್ಷದ ವನ್ಯಜೀವಿ ಛಾಯಾಗ್ರಾಹಕನೆಂಬ ಪ್ರಶಸ್ತಿಯನ್ನು ಪಡೆದದ್ದು ಫ್ರೆಂಚ್ ಪಾಲಿನೇಷ್ಯಾದ ಫಕರವ ಎಂಬಲ್ಲಿ ಗ್ರೂಪರ್ ಮೀನುಗಳು ಮೊಟ್ಟೆಯಿಡುವ ಕ್ಷಣದ ಚಿತ್ರಕ್ಕಾಗಿ. ಆ ಮೀನುಗಳು ವರ್ಷಕ್ಕೊಮ್ಮೆ, ಜುಲೈ ತಿಂಗಳ ಹುಣ್ಣಿಮೆಯ ಆಸುಪಾಸಿನಲ್ಲಿ ಮಾತ್ರ ಹಾಗೆ ನೆರೆಯುತ್ತವೆ. ಆ ಒಂದು ಘಳಿಗೆಗಾಗಿ ಅವನೂ ಅವನ ತಂಡವೂ ಐದು ವರ್ಷ ಅದೇ ಜಾಗಕ್ಕೆ ಮರಳಿದ್ದರು. ಮೊಟ್ಟೆಗಳ ಮೋಡ ತಲೆಕೆಳಗಾದ ಪ್ರಶ್ನಾರ್ಥಕ ಚಿಹ್ನೆಯ ಆಕಾರ ತಳೆದದ್ದು ದೈವಯೋಗವಿರಬಹುದು. ಆ ದೈವಯೋಗ ಒದಗಿದಾಗ ಅಲ್ಲಿ ಇದ್ದದ್ದು ದೈವಯೋಗವಲ್ಲ. ಬಹುಮಾನ ಸಲ್ಲಬೇಕಾದವರಿಗೇ ಸಂದ ಇಂಥ ಸಂದರ್ಭಗಳೂ ಉಂಟೆಂದು ಸಂತೋಷಪಡೋಣ.

ಇನ್ನು ನಮ್ಮ ಕಡಲಿನ ಮಾತು. ಮುರ್ಡೇಶ್ವರದಿಂದ ದೋಣಿಯಲ್ಲಿ ತಲುಪುವ ನೇತ್ರಾಣಿ ದ್ವೀಪದ ಸುತ್ತಣ ನೀರು ಕರ್ನಾಟಕದಲ್ಲಿ ಮುಳುಗುಗಾರರ ಮುಖ್ಯ ತಾಣ. ಮಳೆಗಾಲದಲ್ಲಿ ಕಡಲು ಬಾಗಿಲು ಮುಚ್ಚಿಕೊಳ್ಳುತ್ತದೆ. ಉಳಿದ ತಿಂಗಳುಗಳಲ್ಲಿ ಬೆಂಗಳೂರಿನಿಂದ ವಾರಾಂತ್ಯಕ್ಕೆ ಬರುವವರಿಗೆ ಕೊರತೆಯಿಲ್ಲ. ಬಹುಮಂದಿ ಒಂದು ಸಲ ಬಂದು, ನೀರಿನೊಳಗೆ ಕೈಬೀಸುತ್ತಿರುವ ತಮ್ಮದೇ ಚಿತ್ರವೊಂದನ್ನು ಪಡೆದು ಹೋಗುತ್ತಾರೆ; ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಕ್ಯಾಮೆರಾ ಹಿಡಿದು ಸ್ವಲ್ಪ ಪಳಗಿದವರು ಬೇಗನೆ ಅಂಡಮಾನಿಗೆ, ಅಲ್ಲಿಂದ ಮಾಲ್ಡೀವ್ಸಿಗೆ, ಅಲ್ಲಿಂದ ಇಂಡೊನೇಷ್ಯಾಕ್ಕೆ ಏರುವುದನ್ನೇ ಪ್ರಗತಿಯೆಂದು ತಿಳಿಯುತ್ತಾರೆ. ನೇತ್ರಾಣಿಯ ನೀರು ಒಮ್ಮೊಮ್ಮೆ ಮಬ್ಬಾಗಿರುತ್ತದೆ, ಅಲ್ಲಿ ಬಹುಮಾನದ ಪ್ರಾಣಿಗಳಿಲ್ಲ ಎಂಬುದು ಅವರ ದೂರು. (ದಡದಲ್ಲಿ ಕುಳಿತು ಇಷ್ಟೆಲ್ಲ ಬರೆಯುವುದು ಸುಲಭವೆಂದು ಅವರು ನಕ್ಕರೆ, ನಗಲಿ, ಮಾತಿನ ತಿರುಳು ಅದರಿಂದ ಸುಳ್ಳಾಗದು.) ಜಗತ್ತಿನ ಪ್ರಸಿದ್ಧ ತಾಣಗಳನ್ನು ಸಾವಿರಾರು ಮಂದಿ ಚಿತ್ರಿಸಿದ್ದಾರೆ, ನಮ್ಮ ತೀರದ ಈ ಬಂಡೆಗಳ ನೀರಡಿಯ ಚರಿತ್ರೆಯನ್ನು ನಮ್ಮವರು ಬರೆಯದಿದ್ದರೆ ಬರೆಯುವವರು ಬೇರೆ ಯಾರೂ ಇಲ್ಲ.

ಲಕ್ಷದ್ವೀಪದ ನಿದರ್ಶನ ಕಣ್ಣೆದುರಿಗೇ ಇದೆ. ಮೈಸೂರಿನಲ್ಲಿ ನೆಲೆಯಿರುವ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಎಂಬ ಸಂಸ್ಥೆಯ ಸಂಶೋಧಕರು, ಕಡಲ ನೀರು ಕಾದು ಹವಳಗಳು ಬಿಳಿಚಿಹೋದ 1998ರಿಂದ ಮೊದಲುಗೊಂಡು ಆ ಹವಳದಿಣ್ಣೆಗಳಿಗೆ ಮತ್ತೆ ಮತ್ತೆ ಇಳಿಯುತ್ತ ಬಂದಿದ್ದಾರೆ. 2010ರಲ್ಲಿಯೂ 2016ರಲ್ಲಿಯೂ ಅದೇ ವಿಪತ್ತು ಮರುಕಳಿಸಿತು. 1998ರಲ್ಲಿ ಶೇಕಡ 37ರಷ್ಟಿದ್ದ ಜೀವಂತ ಹವಳದ ಹೊದಿಕೆ 2022ರ ವೇಳೆಗೆ ಶೇಕಡ 19ರ ಸುಮಾರಿಗೆ ಇಳಿದುದನ್ನು ಅವರು ತೋರಿಸಿಕೊಟ್ಟರು. ಆ ಸಂಖ್ಯೆ ಒಂದು ಪ್ರವಾಸದಲ್ಲಿ ದೊರೆಯುವಂಥದಲ್ಲ. ಆದರೆ ಯಾವ ವಿಜ್ಞಾನ ಸಂಸ್ಥೆಗೂ ಎಲ್ಲ ತೀರಗಳಲ್ಲಿ ಎಲ್ಲ ಋತುಗಳಲ್ಲಿ ಜನರನ್ನು ಇಳಿಸುವ ಶಕ್ತಿ ಇರುವುದಿಲ್ಲ. ನೇತ್ರಾಣಿಯಲ್ಲಿ ವರ್ಷವರ್ಷವೂ ಇಳಿಯುವ ಹವ್ಯಾಸಿಯೊಬ್ಬನು, ಮಳೆ ಕಳೆದು ನೀರು ತಿಳಿಯಾದ ಮೊದಲ ದಿನಗಳಲ್ಲಿ, ಅದೇ ನಾಲ್ಕು ಬಂಡೆಗಳ ಮುಂದೆ, ಅದೇ ಆಳದಲ್ಲಿ, ಅದೇ ದಿಕ್ಕಿನಿಂದ ಒಂದೊಂದು ಚಿತ್ರ ತೆಗೆದು, ಆಳವನ್ನೂ ನೀರಿನ ಉಷ್ಣತೆಯನ್ನೂ ಬರೆದಿಟ್ಟರೆ, ಅದಕ್ಕೆ ಸ್ಪರ್ಧೆಯ ಬಹುಮಾನ ಬಾರದಿರಬಹುದು, ಮುಂದಿನ ಬೇಸಗೆಯೊಂದರಲ್ಲಿ ಅಲ್ಲಿನ ಹವಳ ಬಿಳಿಚಿದಾಗ ಮೊದಲು ಅದು ಹೇಗಿತ್ತೆಂದು ಹೇಳಲು ಆ ಚಿತ್ರಗಳನ್ನು ಬಿಟ್ಟು ಬೇರೊಂದು ಸಾಕ್ಷಿ ಸಿಕ್ಕುವುದು ಕಷ್ಟ.

ಇಲ್ಲಿ ಇನ್ನೊಂದು ಕಳವಳದ ವಿಷಯವನ್ನೂ ಹೇಳಿಬಿಡಬೇಕು. ನಿಕೊನಾಸ್ ಕಾಲದ ಹಿರಿಯರ ಸ್ಲೈಡುಗಳು ಈಗ ಅಟ್ಟದ ಡಬ್ಬಿಗಳಲ್ಲಿ ಬೂಸು ಹಿಡಿಯುತ್ತಿವೆ. ಅವರ ನಂತರದವರ ಚಿತ್ರಗಳು, ಯಂತ್ರ ತಾನಾಗಿ ಕೊಟ್ಟ ಸಂಖ್ಯೆಯನ್ನು ಬಿಟ್ಟು ಬೇರೆ ಹೆಸರಿಲ್ಲದ ಕಡತಗಳಾಗಿ ಹಾರ್ಡ್ ಡಿಸ್ಕುಗಳಲ್ಲಿವೆ. ಮಾಲೀಕನು ತೀರಿಕೊಂಡ ಮೇಲೆ ಮನೆಯವರಿಗೆ ಯಾವ ಮೀನು, ಯಾವ ಕಡಲು, ಯಾವ ವರ್ಷ ಎಂಬುದೊಂದೂ ತಿಳಿಯುವುದಿಲ್ಲ. ಸಾವಿರಾರು ಚಿತ್ರಗಳು ಒಮ್ಮೆಗೇ ಮೂಕವಾಗುತ್ತವೆ. ಛಾಯಾಗ್ರಾಹಕರ ಸಂಘಗಳು ವರ್ಷಕ್ಕೊಂದು ಸ್ಪರ್ಧೆ ನಡೆಸುವ ಖರ್ಚಿನಲ್ಲಿ ಒಂದು ಪಾಲನ್ನು ತೆಗೆದಿಟ್ಟು, ಹಿರಿಯ ಸದಸ್ಯರೊಡನೆ ಕಿರಿಯನೊಬ್ಬನನ್ನು ಕೂಡಿಸಿ, ಅವರು ಬದುಕಿರುವಾಗಲೇ ಚಿತ್ರಚಿತ್ರಕ್ಕೂ ಸ್ಥಳ, ಕಾಲ, ಆಳ ಕೇಳಿ ಬರೆಯಿಸುವುದು ಒಳ್ಳೆಯದು. ಸ್ಪರ್ಧೆಯಲ್ಲಿಯೂ, ಹತ್ತು ವರ್ಷಗಳ ಅಂತರದಲ್ಲಿ ಒಂದೇ ಜಾಗದಲ್ಲಿ ತೆಗೆದ ಎರಡು ಚಿತ್ರಗಳಿಗೆಂದೇ ಒಂದು ವಿಭಾಗವನ್ನು ಇಟ್ಟು ನೋಡಲಿ. ಮೊದಲ ಕೆಲವು ವರ್ಷ ಅದಕ್ಕೆ ಪ್ರವೇಶಗಳು ಬಹಳ ಬಾರವು.